ಬಲಗೈ ಮಾತ್ರ

ಈ ಊರಿನಲ್ಲಿ ನನ್ನ ದನಿ ಕೇಳದವರಿಲ್ಲ, ನನ್ನ ಮುಖ ಕಂಡವರು ಮಾತ್ರ ಬೆರಳೆಣಿಕೆಯಷ್ಟು. ರೈಲು ನಿಲ್ದಾಣದಲ್ಲಿ ಟಿಕೆಟ್ ಕೌಂಟರುಗಳ ನೆತ್ತಿಯ ಮೇಲೆ ಒಂದು ಗಾಜಿನ ಕೋಣೆಯಿದೆ. ಅಲ್ಲಿ ಒಂದು ಮೇಜು, ಮೇಜಿನ ಮೇಲೆ ಮೈಕು, ಮೈಕಿನ ಮುಂದೆ ನಾನು. “ದಯವಿಟ್ಟು ಗಮನಿಸಿ” ಎಂದು ಶುರು ಮಾಡುತ್ತೇನೆ. ಯಾವ ಗಾಡಿ, ಯಾವ ಪ್ಲಾಟ್‌ಫಾರಂ, ಎಷ್ಟು ತಡ ಎಂದು ಹೇಳಿ ಮುಗಿಸುವಷ್ಟರಲ್ಲಿ ಕೆಳಗಿನವರು ಚೀಲ ಎತ್ತಿಕೊಂಡು ಓಡಿರುತ್ತಾರೆ. ಗಾಡಿ ತಡವಾದರೆ ಸ್ಪೀಕರಿನ ಕಡೆ ತಲೆಯೆತ್ತಿ ನನಗೇ ಬೈಯುತ್ತಾರೆ, ಗಾಡಿಯನ್ನು ನಾನೇ ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಿದ್ದೇನೆ ಎಂಬಂತೆ. ಇಷ್ಟು ವರ್ಷಗಳಲ್ಲಿ ನನ್ನ ಮಾತಿಗೆ ಒಬ್ಬರೂ ‘ಹೂಂ’ ಅಂದದ್ದಿಲ್ಲ. ಅದು ಆ ಕೆಲಸದ ಸ್ವಭಾವ, ಅದಕ್ಕೆ ನಾನು ಯಾವತ್ತೂ ಕೊರಗಲಿಲ್ಲ.

ಕೊರಗಿದ್ದು ಮನೆಯಲ್ಲೂ ಹೂಂ ಅನ್ನುವವರು ಇಲ್ಲವಾದಾಗ.

ಕಳೆದ ವರ್ಷ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದೆ. ಏನೇನೋ ಪರೀಕ್ಷೆಗಳಾದವು. ಕೊನೆಗೆ ಸರ್ಜನ್ ನನ್ನನ್ನೂ ನನ್ನ ಗಂಡನನ್ನೂ ಎದುರಿಗೆ ಕೂರಿಸಿಕೊಂಡು, ಕರುಳಿನಲ್ಲಿ ಗಡ್ಡೆಯಿದೆ, ಇನ್ನೂ ಹರಡಿಲ್ಲ, ಈಗ ತೆಗೆದರೆ ಬದುಕುತ್ತೀರಿ, ಬಿಟ್ಟರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಸುತ್ತಿ ಬಳಸಿ ಹೇಳುವ ಮನುಷ್ಯನಲ್ಲ. ನಾನೂ ಸುತ್ತಿ ಬಳಸಲಿಲ್ಲ, ಆಪರೇಷನ್ ಬೇಡ ಎಂದೆ. ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಅವರು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದರು. ನನ್ನ ಕಿವಿ ಚೆನ್ನಾಗಿಯೇ ಇದೆ. ನನ್ನ ತೊಂದರೆಯೇ ಅದು, ಕೇಳಿಸಬಾರದ ಕಡೆಯಲ್ಲೂ ಒಮ್ಮೆ ನನಗೆ ಕೇಳಿಸಿತ್ತು.

ಅದಕ್ಕೂ ಆರೇಳು ವರ್ಷದ ಹಿಂದಿನ ಮಾತು. ಬೇರೊಂದು ಆಸ್ಪತ್ರೆಯಲ್ಲಿ ನನ್ನ ಪಿತ್ತಕೋಶ ತೆಗೆದರು. ಕಲ್ಲುಗಳಿದ್ದವು. ನಮ್ಮವರು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಒಳಗೆ ತೋಳಿಗೆ ಸೂಜಿ ಚುಚ್ಚಿದರು, ಮೇಲಿನ ದೀಪ ಮಸುಕಾಯಿತು, ನಿದ್ದೆ ಬಂತು. ಇಲ್ಲಿಯವರೆಗೆ ಎಲ್ಲರ ಕತೆಯೂ ಒಂದೇ. ಆಮೇಲೆ ನನಗೆ ಎಚ್ಚರವಾಯಿತು. ಎಲ್ಲ ಮುಗಿದಿರಬೇಕು ಎಂದುಕೊಂಡು ಕಣ್ಣು ತೆರೆಯಲು ಹೋದರೆ ರೆಪ್ಪೆ ನನ್ನ ಮಾತು ಕೇಳಲಿಲ್ಲ. ಗಂಟಲಲ್ಲಿ ಏನೋ ಇತ್ತು, ಕೆಮ್ಮಲಾಗಲಿಲ್ಲ. ಎದೆಯನ್ನು ಯಂತ್ರವೊಂದು ಉಬ್ಬಿಸಿ ಇಳಿಸುತ್ತಿತ್ತು, ಉಸಿರೂ ನನ್ನದಲ್ಲ. ಹೊಟ್ಟೆಯೊಳಗೆ ಎಳೆಯುತ್ತಿದ್ದರು. ನೋವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಕ್ಕೆ ಮಾತು ಜೋಡಿಸಿದಷ್ಟೂ ಜನ ನಂಬುವುದು ಕಡಿಮೆಯಾಗುತ್ತದೆ.

ಕಾಲ್ಬೆರಳು, ನಾಲಗೆ, ರೆಪ್ಪೆ, ಒಂದೊಂದನ್ನೇ ಬೇಡಿಕೊಂಡೆ. ಯಾವುದೂ ಕದಲಲಿಲ್ಲ. ನನ್ನ ಮೇಲ್ಗಡೆ ಆ ಆಸ್ಪತ್ರೆಯ ಸರ್ಜನ್ ತಮ್ಮ ಮನೆಯ ಬಚ್ಚಲಿಗೆ ಟೈಲ್ಸ್ ಆರಿಸುವ ವಿಷಯ ಮಾತಾಡುತ್ತಿದ್ದರು. ಹೆಂಡತಿಗೆ ನೀಲಿ ಬೇಕು, ಅವರಿಗೆ ಬೂದು. ನರ್ಸು ನೀಲಿಯ ಪಕ್ಷ. ಅವರ ಸಲಕರಣೆ ನನ್ನ ಹೊಟ್ಟೆಯೊಳಗೇ ಇತ್ತು, ನಾನು ಅಲ್ಲೇ ಇದ್ದೆ, ಅಷ್ಟು ಜನರ ನಡುವೆ ಯಾರಿಗೂ ಗೊತ್ತಿಲ್ಲದೆ. ಅಷ್ಟು ಒಂಟಿಯಾಗಿ ನಾನು ಅದಕ್ಕೆ ಮುಂಚೆ ಎಲ್ಲೂ ಇದ್ದಿರಲಿಲ್ಲ. ಕೊನೆಗೆ ಯಾವ ಬಣ್ಣವೆಂದು ತೀರ್ಮಾನವಾಯಿತು ಎಂಬುದೂ ನನಗೆ ಗೊತ್ತು. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಉಳಿದದ್ದನ್ನೆಲ್ಲ ಹೇಳಿದೆ. ಆ ಸರ್ಜನ್ ಬೆನ್ನು ತಟ್ಟಿ, “ಔಷಧಿ ಪ್ರಭಾವ ಅಮ್ಮ, ತುಂಬಾ ಜನಕ್ಕೆ ಕನಸು ಬೀಳುತ್ತೆ” ಎಂದರು. ಟೈಲ್ಸಿನ ಮಾತೆತ್ತಿದಾಗ ಒಂದು ಕ್ಷಣ ನನ್ನನ್ನೇ ನೋಡಿ, “ಅದನ್ನ ಮುಂಚೆನೇ ಕಾರಿಡಾರ್‌ನಲ್ಲಿ ಎಲ್ಲೋ ಕೇಳಿಸಿಕೊಂಡಿರ್ತೀರಿ” ಎಂದು ಮುಂದಿನ ಹಾಸಿಗೆಗೆ ಹೋದರು. ತಂಗಿ ಫೋನಿನಲ್ಲಿ, “ಅಕ್ಕ, ಬದುಕಿ ಬಂದಿದ್ದೀಯಲ್ಲ, ಮರ್ತುಬಿಡು” ಎಂದಳು. ಮರೆಯುವುದು ಎಂದರೆ ಅವಳಿಗೆ ದೀಪ ಆರಿಸಿದಷ್ಟೇ ಸಲೀಸು.

ನಮ್ಮವರದು ಕನ್ನಡಕದ ಅಂಗಡಿ. ದಿನವಿಡೀ ಜನರ ಮೂಗಿನ ಮೇಲೆ ಒಂದೊಂದೇ ಗಾಜು ಇಟ್ಟು, “ಈಗ ಕಾಣ್ತಾ? ಈಗ? ಇದು ಚೆನ್ನಾಗಿದೆಯೋ ಮೊದಲಿನದೋ?” ಎಂದು ಕೇಳುತ್ತಾರೆ. ಗಿರಾಕಿ ‘ಮಂಜು ಮಂಜು’ ಎಂದರೆ ಮರುಮಾತಾಡದೆ ಗಾಜು ಬದಲಿಸುತ್ತಾರೆ. ಬೇರೆಯವರ ಕಣ್ಣಿಗೆ ಏನು ಕಾಣುತ್ತದೆ ಎಂದು ಅವರು ಒಳಹೊಕ್ಕು ನೋಡಲಾರರು, ಹೇಳಿದ್ದನ್ನು ನಂಬಬೇಕು. ನಂಬುವುದೇ ಕಸುಬಾದ ಮನುಷ್ಯ ನನ್ನ ಮಾತನ್ನು ಪೂರ್ತಿ ಕೇಳಿ, ಒಂದು ಲೋಟ ನೀರು ತಂದುಕೊಟ್ಟು, “ಕೆಟ್ಟ ಕನಸು ಕಣೇ” ಎಂದರು. ಪ್ರೀತಿಯಿಂದಲೇ ಎಂದರು. ನಾನು ಸಹಿಸಲಾರದೆ ಹೋದದ್ದು ಅದನ್ನೇ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಆಮೇಲೆ ನನಗೆ ಅಂಗಾತ ಮಲಗಲು ಆಗಲೇ ಇಲ್ಲ. ಮಲಗಿದರೆ ಎದೆಯನ್ನು ಬೇರೆ ಯಾರೋ ಉಬ್ಬಿಸಿ ಇಳಿಸಿದಂತಾಗುತ್ತಿತ್ತು. ಕೈಯಿರುವ ಕುರ್ಚಿಯಲ್ಲಿ ದೀಪ ಹಾಕಿಕೊಂಡೇ ನಿದ್ದೆ ಮಾಡುವುದು ರೂಢಿಯಾಯಿತು. ಬೆಳಕಿಗೆ ನಮ್ಮವರಿಗೆ ನಿದ್ದೆ ಬಾರದು, ಹಾಸಿಗೆ ಸುತ್ತಿಕೊಂಡು ಹೊರಗಿನ ಕೋಣೆಗೆ ಹೋದರು. ಜಗಳವಿಲ್ಲ, ಮುನಿಸಿಲ್ಲ, ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಕಾಫಿ ಕುಡಿಯುತ್ತೇವೆ. ನಿದ್ದೆಗೆಂದು ಮನೆ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಒಂದು ಮಾತ್ರೆ ಒಂದೂವರೆಯಾಯಿತು, ಎರಡಾಯಿತು. ಎರಡಾದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅದಕ್ಕೂ ಏನಾದರೊಂದು ಹೆಸರಿಡುತ್ತಾರೆ.

ಇದು ಹಿಂದಿನದು. ಕಳೆದ ವರ್ಷ, ಗಡ್ಡೆ ಕಾಯುವುದಿಲ್ಲ ಎಂದು ಗೊತ್ತಿದ್ದೂ ನಾನು ಬೇಡವೆಂದು ಹಟ ಹಿಡಿದಾಗ ನಮ್ಮವರು ಮೊದಲು ರಮಿಸಿದರು, ಆಮೇಲೆ ರೇಗಿದರು.

“ತಲೆ ಕೆಟ್ಟಿದೆಯಾ ನಿನಗೆ? ಆ ಕನಸಿಗೋಸ್ಕರ ಪ್ರಾಣ ಬಿಡ್ತೀಯಾ?”

“ನೀವು ಅದನ್ನ ಕನಸು ಅನ್ನೋವರೆಗೂ ನನಗೆ ಧೈರ್ಯ ಬರಲ್ಲ ರೀ. ಮತ್ತೆ ಹಾಗಾದ್ರೆ ಮತ್ತೆ ಕನಸು ಅಂತೀರಿ.”

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಮಾತು ತೋಚದಾಗ ಅವರು ಮಾಡುವುದು ಅದನ್ನೇ. ಅವತ್ತು ಅವರ ತಟ್ಟೆಯಲ್ಲಿ ಬಡಿಸಿದ್ದು ಬಡಿಸಿದಂತೆಯೇ ಇತ್ತು.

ಕೊನೆಗೆ ಸರ್ಜನ್ನೇ ಫೋನ್ ಮಾಡಿ, “ನನ್ನ ಜೊತೆ ವಾದ ಬೇಡ. ನಮ್ಮ ಅರಿವಳಿಕೆ ಡಾಕ್ಟ್ರನ್ನ ಒಂದ್ಸಲ ನೋಡಿ. ನಿಮ್ಮನ್ನ ಮಲಗಿಸೋದು ಅವರು, ನಾನಲ್ಲ” ಎಂದರು. ನೋಡಿದರೆ ಗಂಟೇನು ಹೋಗುತ್ತದೆ ಎಂದು ಹೋದೆ. ನಮ್ಮವರು ಬರುತ್ತೇನೆಂದರು, ಬೇಡವೆಂದೆ.

ಅರಿವಳಿಕೆ ಡಾಕ್ಟರ ಕೋಣೆ ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಂತಿತ್ತು. ಗೋಡೆಯಾಚೆ ಯಂತ್ರ ಗುಡುಗುಡು ಎನ್ನುತ್ತಿತ್ತು. ಡಾಕ್ಟರು ನನಗಿಂತ ಎಷ್ಟೋ ಚಿಕ್ಕ ಹೆಂಗಸು. ಕಡ್ಡಿಯಂಥ ಮೈ, ಕೆಂಪಾದ ಮೂಗು, ಕೈಯಲ್ಲಿ ಒದ್ದೆ ಕರವಸ್ತ್ರ. ವರ್ಷವಿಡೀ ಶೀತವಂತೆ. ಜನರನ್ನು ಮಲಗಿಸುವ ಡಾಕ್ಟರಿಗೆ ಸ್ವಂತ ಮೂಗೇ ಹತೋಟಿಗೆ ಸಿಕ್ಕಿಲ್ಲವಲ್ಲ ಎಂದುಕೊಂಡೆ. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕೇಳಿದರು:

“ಮೊದಲು ಏನು ಬಂತು? ಸದ್ದಾ, ನೋವಾ?”

“ಸದ್ದು.”

“ಕೈಕಾಲು ಅಲ್ಲಾಡಿಸೋಕೆ ನೋಡಿದ್ರಿ.”

“ಒಂದೂ ಬಿಡಲಿಲ್ಲ.”

“ಯಾವುದೂ ಅಲ್ಲಾಡಲಿಲ್ಲ.” ಅವರು ಮೂಗು ಒರೆಸಿಕೊಂಡರು. “ಅದು ಕನಸಲ್ಲ. ನೀವು ಎಚ್ಚರ ಇದ್ರಿ.”

ನಾನು ವಾದಕ್ಕೆ ಸೊಂಟ ಕಟ್ಟಿಕೊಂಡು ಬಂದಿದ್ದೆ. ಎದುರಿನವರು ವಾದವನ್ನೇ ಆಡದೆ ಒಪ್ಪಿಬಿಟ್ಟರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ಅತ್ತುಬಿಟ್ಟೆ. ಗೋಡೆಯಾಚೆಯ ಯಂತ್ರದ ಸದ್ದಿಗೆ ಸರಿಸಾಟಿಯಾಗಿ ಅತ್ತೆ. ಅವರು ಕರವಸ್ತ್ರ ಕೊಡಲು ಹೋಗಿ, ಅದು ಕೊಡುವ ಸ್ಥಿತಿಯಲ್ಲಿಲ್ಲವೆಂದು ಕಂಡು, ಡಬ್ಬಿಯಿಂದ ಒಂದು ಹಿಡಿ ಹತ್ತಿ ಕಿತ್ತು ಕೊಟ್ಟರು.

“ಹೇಗಾಯ್ತು ಅಂತ ಹೇಳ್ಲಾ? ಗೊತ್ತಾದ್ರೆ ಹೆದರಿಕೆ ಹೋಗಲ್ಲ, ಆದ್ರೆ ಅದಕ್ಕೊಂದು ಆಕಾರ ಬರುತ್ತೆ.”

ತಲೆಯಾಡಿಸಿದೆ.

“ನೀವು ಬೆರಳು ಮಡಚಬೇಕು ಅಂದ್ಕೊಂಡ್ರೆ ನರದ ತುದಿಯಿಂದ ಒಂದು ರಾಸಾಯನಿಕ ಹೊರಗೆ ಬೀಳುತ್ತೆ. ಎದುರಿಗೇ ಸ್ನಾಯು. ಸ್ನಾಯುವಿನ ಗೋಡೆ ತುಂಬ ಸಣ್ಣ ಸಣ್ಣ ಬಾಗಿಲು. ಅಯಾನ್ ಚಾನೆಲ್ ಅಂತೀವಿ ನಾವು. ಒಂದೊಂದು ಬಾಗಿಲಿಗೂ ಒಂದು ಗುಳಿ ಇರುತ್ತೆ. ಆ ರಾಸಾಯನಿಕ ಬಂದು ಗುಳಿಯಲ್ಲಿ ಕೂತ್ರೆ ಬಾಗಿಲು ತೆರೆಯುತ್ತೆ, ಹೊರಗಿರೋ ಉಪ್ಪಿನ ಕಣಗಳು ಒಳಗೆ ನುಗ್ಗುತ್ವೆ, ಸ್ನಾಯು ಬಿಗಿಯಾಗುತ್ತೆ. ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಬೇಗ ಇದೆಲ್ಲ ಆಗಿಹೋಗುತ್ತೆ.”

“ನಮ್ಮ ನಿಲ್ದಾಣದ ಗೇಟಿನ ಥರ,” ಎಂದೆ. “ಟಿಕೆಟ್ ತೂರಿಸಿದ್ರೆ ಗೇಟು ತೆರೆಯುತ್ತೆ, ಜನ ನುಗ್ತಾರೆ.”

“ಹಾಗೇ ಅಂದ್ಕೊಳ್ಳಿ. ಆಪರೇಷನ್ ಮಾಡುವಾಗ ಸ್ನಾಯು ಸಡಿಲ ಇರಬೇಕಲ್ಲ, ಅದಕ್ಕೆ ಒಂದು ಔಷಧಿ ಕೊಡ್ತೀವಿ. ಅದೂ ಅದೇ ಗುಳಿಯಲ್ಲಿ ಹೋಗಿ ಕೂರುತ್ತೆ. ಕೂತ್ಕೊಳುತ್ತೆ ಅಷ್ಟೇ, ಬಾಗಿಲು ತೆರೆಯಲ್ಲ.”

“ಹರಿದ ಟಿಕೆಟ್ ಸಿಕ್ಕಿಕೊಂಡ ಹಾಗೆ. ಗೇಟೂ ತೆರೆಯಲ್ಲ, ಹಿಂದಿನವರ ಒಳ್ಳೆ ಟಿಕೆಟ್ಟೂ ಒಳಗೆ ಹೋಗಲ್ಲ.”

“ಅದೇ. ಆವತ್ತು ನಿಮ್ಮ ನರ ಕೂಗ್ತಾನೇ ಇತ್ತು. ಬಾಗಿಲು ತೆರೀಲಿಲ್ಲ, ಅಷ್ಟೇ.”

ನಾನು ಹತ್ತಿಯನ್ನು ಮುದುರಿ ಹಿಡಿದುಕೊಂಡು ಕೂತೆ. ನಾನು ಕೂಗಿದ್ದೆ ಎಂದು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

“ಮತ್ತೆ ನಿದ್ದೆ ಯಾಕೆ ಹೋಯ್ತು?”

“ನಿದ್ದೆಯದ್ದು ಬೇರೆ ಔಷಧಿ, ಬೇರೆ ಬಾಗಿಲು. ಅದು ಇರೋದು ಮಿದುಳಲ್ಲಿ. ಆ ಬಾಗಿಲಿಂದ ಒಳಗೆ ಹೋಗೋ ಕಣಗಳು ಜೀವಕೋಶನ ಎಬ್ಬಿಸಲ್ಲ, ಸುಮ್ಮನಾಗಿಸುತ್ವೆ. ಅದನ್ನ ತೆರೆಯೋ ರಾಸಾಯನಿಕ ಮಿದುಳಿನಲ್ಲೇ ಇದೆ. ನಮ್ಮ ಔಷಧಿ ಆ ಬಾಗಿಲನ್ನ ಇನ್ನೂ ಸ್ವಲ್ಪ ಹೊತ್ತು ತೆರೆದು ಹಿಡಿಯುತ್ತೆ. ಅಷ್ಟೂ ಕೋಶಗಳು ಒಟ್ಟಿಗೆ ಸುಮ್ಮನಾದ್ರೆ ನಿಮಗೆ ನಿಮ್ಮ ಅರಿವೇ ಇರಲ್ಲ. ಆವತ್ತು ಸಡಿಲ ಮಾಡೋ ಔಷಧಿ ನಿಮಗೆ ಪೂರ್ತಿ ತಲುಪಿದೆ, ನಿದ್ದೆ ಔಷಧಿ ಕಮ್ಮಿ ಬಿದ್ದಿದೆ. ಔಷಧಿಯ ನಳಿಕೆ ಸಡಿಲವಾಗಿತ್ತೋ, ಅಳತೆ ಸಾಲಲಿಲ್ವೋ, ನಾನು ಅಲ್ಲಿರಲಿಲ್ಲ. ಅಪರೂಪಕ್ಕೆ ಹಾಗಾಗುತ್ತೆ.” ಅವರು ಕಣ್ಣೆತ್ತಿ ನೋಡಿದರು. “ಈಗ ನಿದ್ದೆಗೆ ಏನು ತಗೋತೀರಿ?”

ಹೇಳದೆ ಬಿಡಬಹುದಿತ್ತು. ನನ್ನನ್ನು ನಂಬಿದವರಿಗೆ ಅರ್ಧ ಹೇಳುವುದು ಸರಿಯೆನಿಸದೆ ಎರಡು ಮಾತ್ರೆಯ ವಿಷಯ ಬಾಯಿಬಿಟ್ಟೆ.

“ಆ ಮಾತ್ರೆನೂ ಅದೇ ಬಾಗಿಲಿಗೇ ಹೋಗೋದು. ವರ್ಷಗಟ್ಟಲೆ ತಗೊಂಡ್ರೆ ಬಾಗಿಲು ಅದಕ್ಕೆ ಒಗ್ಗಿಹೋಗಿ ಮೊಂಡು ಹಿಡಿಯುತ್ತೆ. ಆಗ ನನ್ನ ಔಷಧಿನೂ ಜಾಸ್ತಿ ಬೇಕಾಗಬಹುದು. ಎಷ್ಟು ಅಂತ ಮೊದಲೇ ಹೇಳೋಕೆ ಬರಲ್ಲ. ಹೇಳಿದ್ದು ಒಳ್ಳೇದಾಯ್ತು. ಹಾಗಂತ ನಾಳೆಯಿಂದ ತಟ್ಟನೆ ಬಿಟ್ಟುಬಿಡಬೇಡಿ ಮತ್ತೆ, ಅದೂ ಅಪಾಯ.”

“ಅಂದ್ರೆ ಮತ್ತೆ ಎಚ್ಚರವಾಗಬಹುದು.”

“ಆಗಲ್ಲ ಅಂತ ಆಣೆ ಮಾಡಲ್ಲ. ಆದ್ರೆ, ಎಚ್ಚರವಾದ್ರೆ ನನಗೆ ಗೊತ್ತಾಗೋ ಹಾಗೆ ಮಾಡ್ತೀನಿ.”

ಅವರು ಡ್ರಾಯರಿನಿಂದ ಬಿಪಿ ನೋಡುವ ಪಟ್ಟಿಯೊಂದನ್ನು ತೆಗೆದು ನನ್ನ ಬಲಗೈಗೆ ಸುತ್ತಿದರು. “ನಿಮಗೆ ನಿದ್ದೆ ಬಂದ ಮೇಲೆ, ಸಡಿಲ ಮಾಡೋ ಔಷಧಿ ಕೊಡೋದಕ್ಕೆ ಮುಂಚೆ, ಇದನ್ನ ಬಿಗಿಯಾಗಿ ಊದಿಸ್ತೀನಿ. ಸ್ವಲ್ಪ ಹೊತ್ತು ಈ ಕೈಗೆ ರಕ್ತ ಇಳಿಯಲ್ಲ, ಔಷಧಿನೂ ಇಳಿಯಲ್ಲ. ಮೈಯೆಲ್ಲ ಮುಚ್ಚಿಹೋದ್ರೂ ಈ ಕೈಯ ಬಾಗಿಲುಗಳು ಕೆಲಸ ಮಾಡ್ತಾ ಇರುತ್ವೆ. ನಾನು ಕೈ ಹಿಡ್ಕೊಂಡು ಕರೀತೀನಿ. ಕೇಳಿಸಿದ್ರೆ ಒಂದು ಸಲ ಒತ್ತಿ. ನೋವಿದ್ರೆ ಎರಡು ಸಲ. ರಕ್ತದಲ್ಲಿ ಔಷಧಿ ಕಮ್ಮಿಯಾದ ಮೇಲೆ ಪಟ್ಟಿ ಸಡಿಲಿಸ್ತೀನಿ. ಮತ್ತೆ ಕೊಡೋದಾದ್ರೆ ಮತ್ತೆ ಬಿಗೀತೀನಿ. ಹಣೆಗೆ ಅಂಟಿಸೋ ಯಂತ್ರಾನೂ ಹಾಕ್ತೀನಿ. ಆದ್ರೆ ಅದು ಅಂಕೆ ತೋರಿಸುತ್ತೆ ಅಷ್ಟೇ. ಒಳಗಿಂದ ನೀವೇ ಹೇಳಿದ ಹಾಗಾಗಲ್ಲ.”

“ಎಲ್ಲರಿಗೂ ಹೀಗೇ ಮಾಡ್ತೀರಾ?”

“ಇಲ್ಲ. ಅಪರೂಪಕ್ಕೆ. ಸರ್ಜನ್‌ಗಳು ಗೇಲಿ ಮಾಡ್ತಾರೆ, ಪ್ರೇಮಿಗಳ ಹಾಗೆ ಕೈ ಕೈ ಹಿಡ್ಕೊಂಡು ಕೂತಿದ್ದೀರಲ್ಲ ಅಂತ. ಬನ್ನಿ, ಈಗಲೇ ಅಭ್ಯಾಸ ಮಾಡೋಣ. ಹೆಸರು ಹಿಡಿದು ಕರೀಲಾ?”

“ಹೆಸರು ಬೇಡ,” ಎಂದೆ. ನನ್ನ ಹೆಸರು ಹಿಡಿದು ಯಾರಾದರೂ ಕರೆದು ಎಷ್ಟೋ ಕಾಲವಾಗಿತ್ತು, ಅದಕ್ಕೆ ತಟ್ಟನೆ ಓಗೊಡುತ್ತೇನೆಂಬ ಭರವಸೆ ನನಗೇ ಇರಲಿಲ್ಲ. “‘ದಯವಿಟ್ಟು ಗಮನಿಸಿ’ ಅನ್ನಿ. ಅದು ಕಿವಿಗೆ ಬಿದ್ರೆ ಎಲ್ಲಿದ್ರೂ ನನ್ನ ಬೆನ್ನು ನೆಟ್ಟಗಾಗುತ್ತೆ.”

ಡಾಕ್ಟರು ನಕ್ಕು, ನನ್ನ ಬೆರಳುಗಳನ್ನು ಹಿಡಿದು, ಕಟ್ಟಿದ ಮೂಗಿನಲ್ಲಿ, “ದಯವಿಟ್ಟು ಗಬನಿಸಿ” ಎಂದರು. ಇದೇ ರೀತಿ ಮೈಕಿನಲ್ಲಿ ಹೇಳಿದ್ದರೆ ಮೇಲಿನವರು ಮೊದಲ ದಿನವೇ ಮನೆಗೆ ಕಳಿಸುತ್ತಿದ್ದರು. ನಾನು ಒಮ್ಮೆ ಒತ್ತಿದೆ. ಅವರು “ಕೇಳಿಸ್ತು” ಎಂದರು. “ಇನ್ನೊಂದ್ಸಲ ಕರೀರಿ” ಎಂದೆ.

ಮನೆಗೆ ಬಂದು, ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದೆ. ನಮ್ಮವರ ಮುಖ ಅರಳಿತು. ಡಾಕ್ಟರು ಏನೆಂದರು ಎಂದು ಕೇಳಿದರು.

“ಆವತ್ತು ನಾನು ಎಚ್ಚರ ಇದ್ದೆ ಅಂದ್ರು.”

ಅವರು ಕನ್ನಡಕ ತೆಗೆದು ಒರೆಸಿದರು. “ನಿನ್ನ ಸಮಾಧಾನಕ್ಕೆ ಹೇಳಿರ್ತಾರೆ, ಒಳ್ಳೆಯವರು” ಎಂದರು. ನಾನು ನನ್ನ ಕೋಣೆಗೆ ಹೋಗಿ ದೀಪ ಹಾಕಿಕೊಂಡೆ.

ಆಪರೇಷನ್ ದಿನ ನನ್ನನ್ನು ಗಾಲಿ ಮಂಚದ ಮೇಲೆ ತಳ್ಳಿಕೊಂಡು ಹೋಗುವಾಗ ನಮ್ಮವರು ಥಿಯೇಟರ್ ಬಾಗಿಲವರೆಗೂ ಬಂದರು. ಅವರ ಕೈಯಲ್ಲಿ ಪೇಪರ್ ಇರಲಿಲ್ಲ. ಪೇಪರ್ ಇಲ್ಲದೆ ಅವರು ಎಲ್ಲೂ ಕಾದವರಲ್ಲ. ಅದನ್ನು ನೋಡಿದೆ, ಕೇಳಲು ಹೊತ್ತಿರಲಿಲ್ಲ.

ಒಳಗೆ ಚಳಿ. ಅದೇ ಥರದ ದೀಪ, ಅದೇ ಥರದ ಹಸಿರು ಬಟ್ಟೆ. ನನ್ನ ಎದೆಬಡಿತ ಮಾನಿಟರಿನ ಪರದೆಯ ಮೇಲೆ ಎಲ್ಲರಿಗೂ ಕಾಣುವಂತೆ ಕುಣಿಯುತ್ತಿತ್ತು. ಎದ್ದು ಓಡಿಬಿಡೋಣ ಅನ್ನಿಸಿತು. ಸರ್ಜನ್ ಕೈಗವಸು ಹಾಕಿಕೊಳ್ಳುತ್ತ, “ಏನಮ್ಮ, ತಯಾರಾ?” ಎಂದರು. “ಬಚ್ಚಲ ವಿಷಯ ಮಾತ್ರ ಮಾತಾಡಬೇಡಿ” ಎಂದೆ. ಅವರು ಕಕ್ಕಾಬಿಕ್ಕಿಯಾಗಿ ಅರಿವಳಿಕೆ ಡಾಕ್ಟರ ಮುಖ ನೋಡಿದರು. ಡಾಕ್ಟರು ಹಣೆಗೆ ಪಟ್ಟಿ ಅಂಟಿಸಿ, ಎಡಗೈಗೆ ಸೂಜಿ ಹಾಕಿ, ಬಲಗೈಗೆ ಆ ಬಿಪಿ ಪಟ್ಟಿ ಸುತ್ತಿದರು. ನಾನು ಬಲಗೈಯನ್ನೇ ನೋಡಿಕೊಂಡೆ. ಮೈಕಿನ ಗುಂಡಿ ಒತ್ತಿ ಒತ್ತಿ ತೋರುಬೆರಳು ತುಸು ಸೊಟ್ಟಗಾದ ಸಾಧಾರಣ ಕೈ. ಅದರ ಮೇಲೆ ಅಷ್ಟು ಭಾರ ಹಾಕಿ ಅಭ್ಯಾಸವಿರಲಿಲ್ಲ.

“ನಾನಿಲ್ಲೇ ಇರ್ತೀನಿ,” ಎಂದರು ಡಾಕ್ಟರು. “ಎಲ್ಲೂ ಎದ್ದು ಹೋಗಲ್ಲ.” ಅವರ ಬೆರಳು ತಣ್ಣಗಿದ್ದವು. ದೀಪ ಮಸುಕಾಯಿತು.

ಆಮೇಲೆ ನಮ್ಮವರ ಮುಖ ಕಂಡಿತು. ನಡುವೆ ಏನೂ ಇಲ್ಲ, ಪುಸ್ತಕದ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡ ಹಾಗೆ. ಗಂಟಲು ಕೆರೆಯುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು, ಆದರೂ ನನಗೆ ಕುಣಿಯುವಷ್ಟು ಸಂತೋಷವಾಯಿತು. “ಏನೂ ಕೇಳಿಸಲಿಲ್ಲ ರೀ,” ಎಂದೆ. “ಏನೂ ಆಗಲಿಲ್ಲ.” ಅವರು ತಲೆ ನೇವರಿಸಿ, “ಸದ್ಯ” ಎಂದರು.

ಮರುದಿನ ಬೆಳಿಗ್ಗೆ ಸರ್ಜನ್ ಬಂದು ಗಡ್ಡೆ ಪೂರ್ತಿ ಹೊರಬಂದಿದೆ, ಇನ್ನು ಹೆದರಬೇಡಿ ಎಂದು ಹೇಳಿ ಹೋದರು. ಅವರ ಹಿಂದೆಯೇ ಅರಿವಳಿಕೆ ಡಾಕ್ಟರು ಬಂದರು. ಮೂಗು ಹಾಗೆಯೇ ಇತ್ತು. ನಮ್ಮವರು ಎದ್ದು ಸ್ಟೂಲು ಬಿಟ್ಟುಕೊಟ್ಟರು, ಅವರು ಕೂರಲಿಲ್ಲ.

“ಏನಾದ್ರೂ ನೆನಪಿದೆಯಾ?”

“ಏನೂ ಇಲ್ಲ ಡಾಕ್ಟ್ರೇ. ನಿಮ್ಮ ಪುಣ್ಯ.”

“ನೀವು ಒತ್ತಿದ್ರಿ,” ಎಂದರು.

ನನಗೆ ಅರ್ಥವಾಗಲಿಲ್ಲ.

“ಗಂಟಲಿಗೆ ನಳಿಕೆ ಇಳಿಸಿದ ಮೇಲೆ ಕರೆದೆ. ಒಂದು ಸಲ ಒತ್ತಿದ್ರಿ. ನೋವಿದೆಯಾ ಅಂತ ಕೇಳಿದೆ. ಎರಡು ಸಲ ಒತ್ತಿದ್ರಿ, ಜೋರಾಗಿ. ಇನ್ನೂ ಚಾಕು ಮುಟ್ಟಿರಲಿಲ್ಲ. ಸರ್ಜನ್‌ಗೆ ನಿಲ್ಲಿ ಅಂದೆ. ‘ಗೊತ್ತಾಯ್ತು, ಈಗ ನಿದ್ದೆ ಬರುತ್ತೆ’ ಅಂತ ನಿಮ್ಮ ಕಿವಿಯಲ್ಲಿ ಹೇಳಿ ಔಷಧಿ ಹೆಚ್ಚಿಸಿದೆ. ಮತ್ತೆ ಕರೆದಾಗ ಕೈ ಸುಮ್ಮನಿತ್ತು. ಆಮೇಲೂ ಕರೀತಾನೇ ಇದ್ದೆ, ಒತ್ತಲಿಲ್ಲ. ಆಗ ಶುರು ಮಾಡಿ ಅಂದೆ.”

ನಾನು ಅವರ ಮುಖ ನೋಡಿದೆ. ಪಾಪ, ರಾತ್ರಿಯೂ ಕೆಲಸ ಮಾಡಿದ್ದರೇನೋ, ಕಣ್ಣು ಕೆಂಪಗಿತ್ತು, ಶೀತ ಬೇರೆ. ನನಗೆ ಅವರ ಮೇಲೆ ಅಕ್ಕರೆಯೇ ಬಂತು.

“ಇರಲಾರದು ಡಾಕ್ಟ್ರೇ,” ಎಂದೆ. “ನನಗೆ ಗೊತ್ತಿಲ್ಲದೆ ನಾನು ಹೇಗೆ ಒತ್ತಲಿ? ಬೆರಳು ತಾನಾಗೇ ಅದುರಿರಬೇಕು. ನಿಮಗೆ ಹಾಗನ್ಸಿರಬೇಕು ಅಷ್ಟೇ.”

ಸ್ಟೂಲಿನ ಪಕ್ಕ ನಿಂತಿದ್ದ ನಮ್ಮವರು, “ಇಲ್ಲ,” ಎಂದರು. ದನಿ ಅವರದಲ್ಲವೆಂಬಂತಿತ್ತು. “ಒತ್ತಿರ್ತಾಳೆ ಡಾಕ್ಟ್ರೇ. ಇವಳು ಇಲ್ಲದ್ದನ್ನ ಹೇಳೋಳಲ್ಲ.”

ಆಗ ನನ್ನ ಮಾತು ನನಗೇ ಕೇಳಿಸಿತು. ಆರೇಳು ವರ್ಷ ಯಾವ ಮಾತು ನನ್ನನ್ನು ದೀಪದ ಕೆಳಗೆ ಕುರ್ಚಿಯಲ್ಲಿ ಕೂರಿಸಿತ್ತೋ ಅದೇ ಮಾತನ್ನು ನಾನು ಆಡಿದ್ದೆ, ಅಷ್ಟೇ ಅಕ್ಕರೆಯಿಂದ. ಅದನ್ನು ಆಡುವುದು ಅಷ್ಟು ಸುಲಭವಾಗಿತ್ತು.

ಡಾಕ್ಟರಿಗೆ ಬೇಸರವೇನೂ ಆದಂತಿರಲಿಲ್ಲ. “ಈ ಔಷಧಿ ಎಚ್ಚರ ತಪ್ಪಿಸೋಕೆ ಮುಂಚೆನೇ ನೆನಪನ್ನ ತಡೆಯುತ್ತೆ,” ಎಂದರು. “ಕೈ ಒತ್ತಿದವರಲ್ಲಿ ತುಂಬಾ ಜನಕ್ಕೆ ಬೆಳಿಗ್ಗೆ ಏನೂ ಗೊತ್ತಿರಲ್ಲ. ಹಿಂದೆ ನಿಮಗೆ ನೆನಪೂ ಉಳಿಯೋಷ್ಟು ಔಷಧಿ ಕಮ್ಮಿ ಬಿದ್ದಿತ್ತು. ಈ ಸಲ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ಅಷ್ಟೇ ವ್ಯತ್ಯಾಸ.” ನನ್ನ ಬಲಗೈಯನ್ನು ಎತ್ತಿ, ಪಟ್ಟಿ ಒತ್ತಿ ಕೆಂಪಾಗಿದ್ದ ಕಡೆ ಬೆರಳಾಡಿಸಿ, ಇದು ನಾಳೆಗೆ ಹೋಗುತ್ತದೆ ಎಂದು ಹೇಳಿ ಹೊರಟರು. ಬಾಗಿಲ ಬಳಿ ಸೀನಿದರು.

ಕೈ ಒತ್ತಿದವಳು ಯಾರೆಂದು ನನಗೆ ಗೊತ್ತಿಲ್ಲ. ನನ್ನ ಮೈಯೊಳಗೆ ಎಚ್ಚರಗೊಂಡು, ನೋವೆಂದು ಹೇಳಿ, ನನಗೊಂದು ಮಾತೂ ತಿಳಿಸದೆ ಹೋದಳು. ಅವಳನ್ನು ನೆನೆದು ಸಂಕಟವಾಯಿತು. ಆದರೆ ಅವಳು ಕರೆದಾಗ ಒಬ್ಬರು ಓಗೊಟ್ಟಿದ್ದರು. ಹಿಂದಿನವಳಿಗೆ ಅದೂ ಇರಲಿಲ್ಲ.

ನಮ್ಮವರು ಸ್ಟೂಲಿನ ಮೇಲೆ ಕೂತರು. ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ.

“ಆವತ್ತು ನಾನು ಹೊರಗೆ ಕೂತು ಪೇಪರ್ ಓದ್ತಿದ್ದೆ,” ಎಂದರು. “ಪದಬಂಧ ಪೂರ್ತಿ ಬಿಡಿಸಿದ್ದೆ. ಯಾವತ್ತೂ ಪೂರ್ತಿ ಆಗ್ತಿರಲಿಲ್ಲ, ಆವತ್ತು ಆಯ್ತು. ಖುಷಿಯಾಗಿತ್ತು. ನೀನು ಹೇಳಿದ್ದು ನಿಜ ಅಂದ್ರೆ, ನಾನು ಅಲ್ಲಿ ಖುಷಿಯಾಗಿ ಕೂತಿದ್ದಾಗ ನೀನು ಗೋಡೆ ಆಚೆ... ಅದನ್ನ ನಂಬೋಕೆ ನನ್ನ ಕೈಲಿ ಆಗಲಿಲ್ಲ ಕಣೇ. ಕನಸು ಅಂದ್ಕೊಂಡ್ರೆ ಇಬ್ಬರಿಗೂ ಒಳ್ಳೇದು ಅನ್ನಿಸ್ತು.”

“ನಿಮಗೆ ಒಳ್ಳೇದಾಯ್ತು.”

“ಹೌದು,” ಎಂದರು.

ಸಿಟ್ಟು ಬಂದಿತ್ತು. ಇವರು ನನ್ನನ್ನು ನಂಬಲು ಯಾರೋ ಡಾಕ್ಟರ ಬೆರಳು ಸಾಕ್ಷಿ ಹೇಳಬೇಕಾಯಿತಲ್ಲ ಎಂಬ ಸಿಟ್ಟು. ಆದರೆ ಈಗಷ್ಟೇ ನಾನೂ ಅದೇ ಡಾಕ್ಟರಿಗೆ ‘ನಿಮಗೆ ಹಾಗನ್ಸಿರಬೇಕು’ ಎಂದಿದ್ದೆ, ಸಿಟ್ಟಿಗೆ ಮುಂಚಿನ ಕಸುವಿರಲಿಲ್ಲ. ಕಾರಿಡಾರಿನಲ್ಲಿ ಯಾರೋ ಪಾತ್ರೆ ಬೀಳಿಸಿದರು. ಪಕ್ಕದ ಹಾಸಿಗೆಯವರು ಮಗ್ಗುಲಾದರು.

“ಕೊನೆಗೆ ಯಾವ ಬಣ್ಣ ಆಯ್ತು?” ಎಂದರು ನಮ್ಮವರು. “ಆ ಟೈಲ್ಸು.”

“ಬೂದು.”

“ಹೆಂಡತಿಗೆ ನೀಲಿ ಬೇಕಿತ್ತಲ್ಲ? ನರ್ಸೂ ನೀಲಿ ಅಂದಿದ್ಲು.”

ನಾನು ಹೇಳಿದ್ದು ಒಂದೇ ಸಲ, ಅಷ್ಟು ವರ್ಷದ ಹಿಂದೆ. ಅವರು ಒಂದು ಮಾತನ್ನೂ ಮರೆತಿರಲಿಲ್ಲ.

“ನರ್ಸ್ ಕೈಲೇ ಅಂಗಡಿಗೆ ಫೋನ್ ಮಾಡಿಸಿ ಬೂದು ಅಂತ ಹೇಳಿಸಿದ್ರು,” ಎಂದೆ. “ಹೆಂಡತಿಗೆ ನೀಲಿ ಸ್ಟಾಕ್ ಇಲ್ಲ ಅಂತ ಹೇಳೋದು ಅಂತ ಮಾತಾಯ್ತು.”

ಅವರು ನಗಲು ಹೋದರು, ನಗು ಬರಲಿಲ್ಲ. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಮೊದಲಿಂದ ಹೇಳು,” ಎಂದರು.

ಗಂಟಲು ನೋಯುತ್ತಿತ್ತು, ದನಿ ಗೊಗ್ಗರಾಗಿತ್ತು. ದೀಪ ಮಸುಕಾದಲ್ಲಿಂದ ಶುರು ಮಾಡಿದೆ. ಒಂದೊಂದು ಮಾತಿಗೂ ಅವರು ‘ಹೂಂ’ ಎಂದರು.